ಹಗಲು ನಿದ್ದೆಗೊಂದು ಮನೆ

ಕೊಪ್ಪಳದ ಹುಲಿಗೆಮ್ಮ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ರಾತ್ರಿಪಾಳಿಯ ನರ್ಸ್ ಆಗಿ ಸೇರಿದಳು. ಹಗಲು ನೆಮ್ಮದಿಯಾಗಿ ನಿದ್ದೆ ಮಾಡುವಂಥ ಮನೆಯೇ ಬೇಕೆಂದು ಹಟ ಹಿಡಿದು ಆರು ಬಡಾವಣೆ ಸುತ್ತಿದಳು. ಏಳನೆಯದರಲ್ಲಿ ಮಾಲೀಕ ಪುಟ್ಟಸ್ವಾಮಯ್ಯ ರಸ್ತೆ ಕಡೆಯ ಫ್ಲ್ಯಾಟ್ ತೋರಿಸಿದ.

"ನಮ್ಮ ಏರಿಯಾದಲ್ಲಿ ಒಂದು ಸದ್ದೂ ಇಲ್ಲ. ಹತ್ತು ಜನ ಈ ಮನೆಗೆ ಕಾಯ್ತಿದ್ದಾರೆ. ಈಗಲೇ ಹೂಂ ಅಂದ್ಬಿಡಮ್ಮ."

"ಒಂದು ತಾಸು ಮಲಗಿ ನೋಡಿ ಹೇಳ್ತೀನ್ರಿ ಸರ್," ಎಂದವಳೇ ಹುಲಿಗೆಮ್ಮ ಚೀಲದಿಂದ ಚಾದರ ತೆಗೆದು ನೆಲಕ್ಕೆ ಹಾಸಿ ಮಲಗಿಬಿಟ್ಟಳು.

ಎದುರಿನ ಗ್ರಿಲ್ ಅಂಗಡಿಯಲ್ಲಿ ಕಬ್ಬಿಣ ಕೊಯ್ಯುವ ಸದ್ದು ಶುರುವಾಯಿತು. ಪುಟ್ಟಸ್ವಾಮಯ್ಯ ಓಡಿಹೋಗಿ ನಿಲ್ಲಿಸಿ ಬಂದ. ಅಷ್ಟರಲ್ಲಿ ತರಕಾರಿ ಗಾಡಿಯ ಮೈಕ್ ಕೂಗಿತು. ಮತ್ತೆ ಓಡಿದ. ಎರಡನೇ ಸಲ ಮೆಟ್ಟಿಲು ಹತ್ತಿ ಬಂದವನು ಏದುಸಿರು ಬಿಡುತ್ತ, "ನನ್ನ ಮಧ್ಯಾಹ್ನದ ನಿದ್ದೆಯೂ ಹಾಳಾಯ್ತು," ಎಂದು ಗೊಣಗಿದ.

ಹುಲಿಗೆಮ್ಮ ಕಣ್ಣು ತೆರೆದಳು. "ನೀವು ಎಲ್ಲಿ ಮಲಗ್ತೀರಿ ಸರ್?"

"ಹಿಂದುಗಡೆ ಖಾಲಿ ಮನೇಲಿ. ಅಲ್ಲಿಗೆ ಏನೂ ಕೇಳಿಸಲ್ಲ."

"ಹಂಗಾದ್ರ ನನಗ ಆ ಮನೀನ ಕೊಡ್ರಿ," ಎಂದು ಅವಳು ಎದ್ದು ಚಾದರ ಮಡಚತೊಡಗಿದಳು.

ಬಾಯಿಂದ ಜಾರಿದ ಮಾತನ್ನು ಪುಟ್ಟಸ್ವಾಮಯ್ಯ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ತಲೆ ಕೆರೆದುಕೊಂಡ. ಕೊನೆಗೆ ನಗು ಬಂತು.

"ಸ್ವಲ್ಪ ತಾಳಮ್ಮ. ಮೊದಲು ನನ್ನ ದಿಂಬು ತೆಗೆದುಕೊಂಡು ಬರ್ತೀನಿ."