ಕೈ ಎತ್ತಿ ಬೆಲೆ ಕೂಗಿದ ಪ್ಯಾರಲ ಸಂಕವ್ವ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲಲ್ಲಿದ್ದ ಕಾಲಕ್ಕೆ, ಜೇನಕಣವಿ ಎಂಬ ಒಂದು ಊರಿನಲ್ಲಿ ಸಂಕವ್ವ ಎಂಬ ಹೆಣ್ಣುಮಗಳು ಇದ್ದಳಂತೆ. ಕೂತುಕೊಳ್ಳಿ, ಹೇಳುತ್ತೇನೆ. ಹಣ್ಣು ಆರಿಸುತ್ತಲೇ ಕೇಳಿ, ಕೈಗೂ ಕಿವಿಗೂ ಏನೂ ಜಗಳವಿಲ್ಲ. ನಾವು ಪ್ಯಾರಲ ಅನ್ನುವ ಈ ಹಣ್ಣನ್ನು ಮೈಸೂರು ಕಡೆಯವರು ಸೀಬೆ ಅನ್ನುತ್ತಾರಂತೆ. ಏನಾದರೂ ಅನ್ನಲಿ, ತಿನ್ನುವಾಗ ಎಲ್ಲರೂ ಬಾಯಿ ಮುಚ್ಚಿಕೊಂಡೇ ತಿನ್ನುತ್ತಾರೆ.

ಸಂಕವ್ವನ ತೋಟ ದೊಡ್ಡದೇನಲ್ಲ. ಹಳ್ಳಕ್ಕೂ ಬಂಡಿದಾರಿಗೂ ನಡುವೆ ಒಂದು ತುಂಡು ಕೆಂಪು ಮಣ್ಣು, ಅದರಲ್ಲಿ ಗಂಡ ಹೆಂಡತಿ ಸೇರಿ ಹಚ್ಚಿದ ಪ್ಯಾರಲ ಗಿಡಗಳು. ಬೇಸಿಗೆಯಲ್ಲಿ ಹಳ್ಳದಿಂದ ಕೊಡದಲ್ಲಿ ನೀರು ಹೊತ್ತು ಹಾಕಿ ಬದುಕಿಸಿದರಂತೆ. ಗಿಡ ಫಲಕ್ಕೆ ಬಂದ ವರ್ಷವೇ ಗಂಡ ತೀರಿಕೊಂಡ. ಮೊದಲ ಹಣ್ಣು ಅವನು ತಿಂದನೋ ಇಲ್ಲವೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಿಂದ ಅಂತಲೇ ನಾನು ಹೇಳುವುದು. ತಿನ್ನಲಿಲ್ಲ ಅನ್ನಲು ನನಗೆ ಈ ವಯಸ್ಸಿನಲ್ಲೂ ಮನಸ್ಸು ಬರುವುದಿಲ್ಲ.

ಆ ಹಣ್ಣಿನ ವಾಸನೆಗೆ ದಾರಿಯಲ್ಲಿ ಹೋಗುವ ಎತ್ತುಗಳು ತಾವಾಗಿ ನಿಲ್ಲುತ್ತಿದ್ದವಂತೆ. ಒಬ್ಬ ಕಚ್ಚಿದರೆ ಮೂರು ಹೊಲದಾಚೆ ಇದ್ದವನಿಗೆ ಸದ್ದು ಕೇಳಿಸುತ್ತಿತ್ತಂತೆ. ಸದ್ದಿನ ಮಾತು ಸುಳ್ಳು, ನಾನೇ ಹೇಳುತ್ತೇನೆ. ಎತ್ತಿನ ಮಾತು ಮಾತ್ರ ನಿಜವಿರಬೇಕು, ಎತ್ತಿಗೆ ಯಾರನ್ನು ಮೆಚ್ಚಿಸಬೇಕಾಗಿದೆ? ಹಣ್ಣು ಅಷ್ಟು ಚೆನ್ನಾಗಿದ್ದರೂ ಸಂಕವ್ವನ ಮನೆಯಲ್ಲಿ ಮಾತ್ರ ಎರಡು ಹೊತ್ತಿನ ರೊಟ್ಟಿಗೇ ಕಷ್ಟವಿತ್ತು.

ಯಾಕೆ ಅಂತ ಕೇಳಿ. ಪೇಟೆಯಲ್ಲಿ ಹಣ್ಣಿನ ವ್ಯಾಪಾರವೆಲ್ಲ ರಾಚಪ್ಪ ಎಂಬ ಒಬ್ಬ ದಲಾಲನ ಕೈಯಲ್ಲಿತ್ತು. ಆಗ ಬೆಲೆಯನ್ನು ಬಾಯಿಂದ ಹೇಳುವ ರೂಢಿಯೇ ಇರಲಿಲ್ಲವಂತೆ. ದಲಾಲ ತನ್ನ ಶಲ್ಯವನ್ನು ರೈತನ ಕೈಮೇಲೆ ಹೊದಿಸುವುದು, ಶಲ್ಯದ ಕೆಳಗೆ ಅವನ ಬೆರಳು ಹಿಡಿಯುವುದು. ಎರಡು ಬೆರಳು ಹಿಡಿದರೆ ಬುಟ್ಟಿಗೆ ಎರಡು, ಮೂರು ಹಿಡಿದರೆ ಮೂರು. ಎರಡು ಏನು, ಮೂರು ಏನು ಅಂತ ನನ್ನನ್ನು ಕೇಳಬೇಡಿ, ಆ ಕಾಲದ ನಾಣ್ಯ ನಾನು ಕಂಡವಳಲ್ಲ. ಬೆರಳು ಹಿಡಿದ ಮೇಲೆ ರಾಚಪ್ಪ ಕಿವಿಯ ಹತ್ತಿರ ಬಾಯಿ ತರುತ್ತಿದ್ದನಂತೆ. ಈ ಸಲ ನಿನ್ನ ಹಣ್ಣು ಸ್ವಲ್ಪ ಸಣ್ಣದು, ಆದರೂ ನೀನು ನಮ್ಮವನು ಅಂತ ಇಷ್ಟು ಹಿಡಿದಿದ್ದೇನೆ, ಉಳಿದವರಿಗೆಲ್ಲ ಒಂದೇ ಬೆರಳು, ಯಾರ ಮುಂದೆಯೂ ಬಾಯಿ ಬಿಡಬೇಡ ಅನ್ನುತ್ತಿದ್ದನಂತೆ. ಸಾಲಿನಲ್ಲಿದ್ದ ಪ್ರತಿಯೊಬ್ಬನಿಗೂ ಹಾಗೇ ಅನ್ನುತ್ತಿದ್ದನಂತೆ. ಪ್ರತಿಯೊಬ್ಬನೂ ದಲಾಲನಿಗೆ ಬೇಕಾದವನು ತಾನೊಬ್ಬನೇ ಅಂದುಕೊಂಡು ಮೀಸೆ ತಿರುವುತ್ತಾ ಊರಿಗೆ ಬರುತ್ತಿದ್ದ. ನಗಬೇಡಿ, ನಿಮ್ಮ ಮನೆಯ ಗಂಡಸರೂ ಅದೇ ವಂಶದವರು.

ಇನ್ನು ಹೆಣ್ಣುಮಕ್ಕಳ ಮಾತು. ಪರಗಂಡಸು ಶಲ್ಯದ ಕೆಳಗೆ ಹೆಣ್ಣುಮಗಳ ಬೆರಳು ಹಿಡಿಯುವುದುಂಟೇ? ಅದಕ್ಕೇ ಹೆಂಗಸರು ಹಣ್ಣು ಮಾರಲು ಪೇಟೆಗೆ ಹೋಗುವಂತಿರಲಿಲ್ಲ. ನೀರು ಹೊರಬಹುದು, ಗಿಳಿ ಓಡಿಸಬಹುದು, ಹಣ್ಣು ಕೀಳಬಹುದು, ಬೆಲೆಯ ಹತ್ತಿರ ಮಾತ್ರ ಸುಳಿಯಬಾರದು. ಸಂಕವ್ವನ ಹಣ್ಣನ್ನು ಪೇಟೆಗೆ ಒಯ್ಯುತ್ತಿದ್ದವನು ಆಕೆಯ ಮೈದುನ ಕಲ್ಲಪ್ಪ.

ಕಲ್ಲಪ್ಪ ಕೆಟ್ಟವನಲ್ಲ, ಇದನ್ನು ತಿಳಿದುಕೊಳ್ಳಿ. ಅಣ್ಣ ಸತ್ತ ಮೇಲೆ ವೈನಿಯನ್ನು ಕೈಬಿಡದೆ ನೋಡಿಕೊಂಡವನು. ಆದರೆ ಪ್ರತಿ ಸುಗ್ಗಿಗೂ ಎರಡು ಬೆರಳಿನ ಬೆಲೆ ತಂದು ಕೊಡುತ್ತಿದ್ದ. ಬೇರೆಯವರಿಗೆ ಎಷ್ಟು ಸಿಕ್ಕಿತು ಅಂತ ಸಂಕವ್ವ ಕೇಳಿದರೆ, ಅದನ್ನೆಲ್ಲ ಕೇಳುವುದು ಮರ್ಯಾದೆಯಲ್ಲ ಅನ್ನುತ್ತಿದ್ದ. ಒಂದು ವರ್ಷ ಗಿಡದಲ್ಲಿ ಹಣ್ಣು ಬಲಿಯುತ್ತಿರುವಾಗಲೇ ಅವನು ಬಂದು ಹೊಸ್ತಿಲ ಹೊರಗೆ ನಿಂತ. ಈ ಗಿಡಗಳು ಕುಡಿದ ನೀರಿನ ಋಣವನ್ನೂ ತೀರಿಸುವುದಿಲ್ಲ, ಇದೇ ಕಡೇ ಸುಗ್ಗಿ, ಹಣ್ಣು ಮುಗಿದ ಮೇಲೆ ಕಡಿದು ಜೋಳ ಬಿತ್ತೋಣ ಅಂದ. ಕೊಡಲಿಯನ್ನು ಆಗಲೇ ಮಸೆಸಿಟ್ಟಿದ್ದನಂತೆ.

ಆ ದಿನ ಸಂಕವ್ವನಿಗೆ ರೊಟ್ಟಿ ಸೇರಲಿಲ್ಲ. ಗಂಡನ ಕೈ ತಾಗಿ ಇನ್ನೂ ಬೆಳೆಯುತ್ತಿದ್ದದ್ದು ಆ ಗಿಡಗಳಷ್ಟೇ. ಅವೂ ಹೋದರೆ ತಾನು ಅತ್ತೆಮನೆಯಲ್ಲಿ ಯಾಕಿರಬೇಕು, ಯಾರಿಗೆ ನೀರು ಹೊರಬೇಕು ಅಂತ ಅನಿಸಿತು. ಆದರೆ ಅಳುತ್ತಾ ಕೂರುವ ಜೀವವಲ್ಲ ಅದು. ಮರುದಿನ ಕಲ್ಲಪ್ಪನನ್ನು ಕರೆದು ಹೇಳಿದಳಂತೆ, ಈ ಸಲ ಹಣ್ಣು ನಾನು ಒಯ್ಯುತ್ತೇನೆ, ಬುಟ್ಟಿಗೆ ಐದು ಬಂದರೆ ಗಿಡ ನಿಲ್ಲಬೇಕು, ಬರದಿದ್ದರೆ ಕೊಡಲಿಯನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ ಅಂತ. ಐದು ಬೆರಳು! ಅಷ್ಟು ಹಿಡಿಸಿಕೊಂಡವರನ್ನು ಕಲ್ಲಪ್ಪ ಕಂಡಿರಲಿಲ್ಲ, ಕೇಳಿರಲಿಲ್ಲ. ಒಂದು ಸಲ ಹೋಗಿ ನೋಡಿ ಬರಲಿ, ಬುದ್ಧಿ ಬರುತ್ತದೆ ಅಂದುಕೊಂಡು ಒಪ್ಪಿದ.

ಸಂತೆಯ ದಿನ ಸಂಕವ್ವ ತಲೆಮೇಲೊಂದು, ಸೊಂಟದ ಮೇಲೊಂದು ಬುಟ್ಟಿ ಇಟ್ಟುಕೊಂಡು ಪೇಟೆಗೆ ಹೋಗಿ ಗಂಡಸರ ಸಾಲಿನಲ್ಲೇ ಕೂತಳು. ಸಾಲೆಲ್ಲ ಗುಸುಗುಸು. ರಾಚಪ್ಪ ಒಬ್ಬೊಬ್ಬರ ಕೈಮೇಲೆ ಶಲ್ಯ ಹೊದಿಸುತ್ತಾ ಬಂದವನು ಆಕೆಯ ಮುಂದೆ ನಿಂತ. ನಿಂತು ನಕ್ಕ.

"ಯವ್ವಾ, ಬೆಲಿ ಅನ್ನೂದು ಗಂಡಸರ ಬೆರಳಾಗಿನ ಮಾತು. ನಿನ್ನ ಕೈ ಹ್ಯಾಂಗ ಹಿಡೀಲಿ? ಮೈದುನನ್ನ ಕಳಸು."

ಸಂಕವ್ವ ಬಲಗೈ ಮೇಲಕ್ಕೆತ್ತಿ ಐದೂ ಬೆರಳು ಬಿಡಿಸಿದಳು.

"ಸಾವ್ಕಾರ್ರ, ಈ ಕೈ ನೀರು ಹೊರೂವಾಗ ಯಾರೂ ಮುಚ್ಚಲಿಲ್ಲ. ಈಗ್ಯಾಕ ಮುಚ್ಚಲಿ? ಬುಟ್ಟಿಗೆ ಐದು."

ಆಗ ಆ ಕೈ ಗುಡಿಯ ಶಿಖರದಷ್ಟು ಎತ್ತರ ಬೆಳೆಯಿತಂತೆ. ಹಾಗಂತಾರೆ. ಹೆಣ್ಣುಮಗಳ ಕೈ ಎತ್ತಿದರೆ ಎಷ್ಟು ಎತ್ತರ ಹೋಗುತ್ತದೆ, ನೀವೇ ಎತ್ತಿ ನೋಡಿಕೊಳ್ಳಿ. ಅಷ್ಟೇ ಹೋಗಿತ್ತು, ಅಷ್ಟೇ ಸಾಕಾಗಿತ್ತು. ಹುಟ್ಟಿದಾಗಿನಿಂದ ಬೆಲೆಯನ್ನು ಬಾಯಿಂದ ಕೇಳದ ಪೇಟೆ ಅದು. ನಡುಬೀದಿಯಲ್ಲಿ ಯಾರೋ ಬಟ್ಟೆ ಕಳಚಿದಂತೆ ಗಂಡಸರೆಲ್ಲ ನಾಚಿಕೊಂಡು ಮುಖ ತಿರುಗಿಸಿದರು.

ರಾಚಪ್ಪ ಸಿಟ್ಟು ತೋರಿಸಲಿಲ್ಲ, ಅವನು ಅಂಥ ದಡ್ಡನಲ್ಲ. ಮೆಲ್ಲಗೆ ಅಂಗಡಿಗೆ ಹೋಗಿ, ಈ ಹೆಂಗಸಿನ ಹತ್ತಿರ ಹಣ್ಣು ಕೊಂಡವರಿಗೆ ನನ್ನ ಅಂಗಡಿಯ ಬಾಗಿಲು ಮುಚ್ಚಿದೆ ಅಂತ, ತನ್ನಲ್ಲಿ ಕೊಂಡು ಬೀದಿಯಲ್ಲಿ ಹಣ್ಣು ಮಾರುವವರಿಗೆಲ್ಲ ಹೇಳಿ ಕಳಿಸಿದ. ಅಷ್ಟಾದ ಮೇಲೆ ಯಾರು ಬರುತ್ತಾರೆ? ಬಿಸಿಲು ಏರಿತು. ಪ್ಯಾರಲಕ್ಕೆ ಬಿಸಿಲೆಂದರೆ ಶತ್ರು, ನಿಮಗೆ ಗೊತ್ತಿದೆಯಲ್ಲ. ಮಧ್ಯಾಹ್ನವಾದರೂ ಒಂದು ಹಣ್ಣೂ ಹೋಗಲಿಲ್ಲ. ಹೊತ್ತುಕೊಂಡು ವಾಪಸು ಹೋದರೆ ದಾರಿಯಲ್ಲೇ ಮೆತ್ತಗಾಗುತ್ತದೆ. ಕಲ್ಲಪ್ಪನ ಕೊಡಲಿ ಆಕೆಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಆಗ ಆಕೆ ಮಾಡಿದ್ದನ್ನು ಯಾರೂ ಆಕೆಗೆ ಕಲಿಸಿರಲಿಲ್ಲ. ಸೊಂಟದ ಕುಡುಗೋಲು ತೆಗೆದು ಹಣ್ಣು ಹೋಳು ಮಾಡಿ, ಬುತ್ತಿಯೊಳಗಿನ ಉಪ್ಪು ಖಾರ ಸವರಿ, ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದಳು. ಬಂಡಿ ಹೊಡೆಯುವವರು ಬಂದರು, ಹಮಾಲರು ಬಂದರು, ನೀರಿಗೆ ಹೋಗುತ್ತಿದ್ದ ಪೇಟೆಯ ಹೆಂಗಸರು ಬಂದರು. ದುಡ್ಡು ಬೇಡ, ತಿನ್ನಿ ಅಂದಳು. ಆದರೆ ಒಂದು ಕರಾರು, ತಿಂದವರು ಕೈ ಎತ್ತಿ ಬೆಲೆ ಕೂಗಿ ಹೋಗಬೇಕು.

ಪುಕ್ಕಟೆ ಹಣ್ಣಿಗೆ ಯಾರಾದರೂ ಒಲ್ಲೆ ಅಂತಾರೆಯೇ? ತಿಂದವರೆಲ್ಲ ಕೈ ಎತ್ತಿದರು. ಸಂಕವ್ವನ ಪ್ಯಾರಲ ಬುಟ್ಟಿಗೆ ಐದು, ಸಂಕವ್ವನ ಪ್ಯಾರಲ ಬುಟ್ಟಿಗೆ ಐದು. ಮೊದಮೊದಲು ನಗುತ್ತಾ ಕೂಗಿದರು, ಆಮೇಲೆ ಖುಷಿಯಿಂದಲೇ ಕೂಗಿದರು. ಹಮಾಲರು ಮೂಟೆ ಹೊರುತ್ತಾ ಕೂಗಿದರು, ಬಂಡಿಯವರು ದಾರಿಯುದ್ದಕ್ಕೂ ಕೂಗಿಕೊಂಡು ಹೋದರು. ಕೊಳ್ಳುವವರಿಲ್ಲದೆ ಎರಡೂ ಬುಟ್ಟಿ ಖಾಲಿಯಾದವು. ಸಂಕವ್ವ ಬರಿಗೈಯಲ್ಲಿ ಮನೆಗೆ ಬಂದಳು. ಗಿಡದಲ್ಲಿ ಇನ್ನೂ ಹಣ್ಣಿತ್ತು, ಅದು ಮುಗಿಯಲಿ ಅಂತ ಕಲ್ಲಪ್ಪ ಕೊಡಲಿ ಮುಟ್ಟಲಿಲ್ಲ. ಪೇಟೆಯಲ್ಲಿ ವೈನಿ ಕೈ ಎತ್ತಿದ ಸುದ್ದಿ ಆಕೆಗಿಂತ ಮೊದಲೇ ಊರಿಗೆ ಬಂದಿತ್ತು, ಅವನಿಗೆ ತಲೆ ಎತ್ತಿ ಓಡಾಡಲಾಗಿರಲಿಲ್ಲ.

ಮುಂದಿನ ಸಂತೆಗೂ ಆಕೆ ಹೊರಟಳು. ಉಳಿದ ಹಣ್ಣೆಲ್ಲ ಕೊಯ್ದು ಬಾಡಿಗೆ ಬಂಡಿಯಲ್ಲಿ ಹೇರಿದ್ದಳು. ಇದು ಹೋದರೆ ಹೋಯಿತು. ಇನ್ನೂ ಮಾನ ಕಳೆಯುವುದು ಬೇಡ, ಅಲ್ಲಿಂದಲೇ ವಾಪಸು ಕರೆತರೋಣ ಅಂತ ಕಲ್ಲಪ್ಪ ಹಿಂದಿನಿಂದ ಹೋದನಂತೆ.

ಹೋಗಿ ನೋಡುತ್ತಾನೆ, ಪೇಟೆಯ ತುಂಬ ಹೆಂಗಸರು! ಬೀದಿ ಬೀದಿಯಲ್ಲಿ ಬೆಲೆ ಕೇಳಿದ್ದ ಪೇಟೆಯ ಹೆಂಗಸರು ತಾವೇ ಚೀಲ ಹಿಡಿದು ಬಂದಿದ್ದರು. ಅವರು ಹಣ್ಣು ಮಾರುವವರೇನಲ್ಲ, ಮನೆಗೆ ಕೊಳ್ಳುವವರು. ಅವರಿಗೆ ರಾಚಪ್ಪನ ಅಂಗಡಿಯ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು? ನಾಲ್ಕು ನಾಲ್ಕು ಮನೆಯವರು ಕೂಡಿ ಒಂದೊಂದು ಬುಟ್ಟಿ ಎತ್ತತೊಡಗಿದರು. ಸಂಕವ್ವ ಕೈ ಎತ್ತಿ ಕೂಗುತ್ತಿದ್ದಳು, ಬುಟ್ಟಿಗಳು ಇಳಿಯುತ್ತಿದ್ದವು.

ರಾಚಪ್ಪ ನೋಡಿದ. ಅವನ ಅಂಗಡಿಯ ಕಟ್ಟೆಯ ಮೇಲೆ ಹಣ್ಣಿನ ಬುಟ್ಟಿಗಳು ರಾಶಿ ಬಿದ್ದಿದ್ದವು, ಜನವೆಲ್ಲ ಸಂಕವ್ವನ ಕಡೆ. ಅಷ್ಟು ವರ್ಷ ಶಲ್ಯದ ಕೆಳಗೆ ಬಾಳಿದವನಿಗೆ ಆ ಗಳಿಗೆಯಲ್ಲಿ ತಲೆ ಕೆಟ್ಟಿತು. ಕಟ್ಟೆಯ ಮೇಲೆ ಹತ್ತಿ, ಎಲ್ಲರಿಗೂ ಕೇಳುವಂತೆ ಕೂಗಿಬಿಟ್ಟ.

"ನಮ್ಮಲ್ಲಿ ಬುಟ್ಟಿಗೆ ನಾಲ್ಕು! ನಾಲ್ಕಕ್ಕ ಕೊಡತೀನಿ ಬರ್ರಿ!"

ಆಕೆಯ ವ್ಯಾಪಾರ ಮುರಿಯಬೇಕು ಅಂತ ಕೂಗಿದ್ದು. ಒಂದಿಬ್ಬರು ಹೆಂಗಸರು ಆ ಕಡೆ ತಿರುಗಿದರು ಕೂಡ. ಆದರೆ ಸಾಲಿನಲ್ಲಿ ಕೂತಿದ್ದ ರೈತರಿಗೂ ಕಿವಿ ಇತ್ತಲ್ಲ. ಆ ರಾಶಿ ಅವರದೇ ಹಣ್ಣು, ಆಗತಾನೇ ಶಲ್ಯದ ಕೆಳಗೆ ಬೆರಳು ಹಿಡಿದು ರಾಚಪ್ಪ ಕೊಂಡ ಹಣ್ಣು, ದುಡ್ಡು ಇನ್ನೂ ಅವರ ಕೈಗೆ ಬಂದಿರಲಿಲ್ಲ. ನಷ್ಟ ಮಾಡಿಕೊಂಡು ಮಾರುವ ಪೈಕಿ ಅವನಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾದರೆ ದಿನವೂ ಎಷ್ಟಕ್ಕೆ ಮಾರುತ್ತಿದ್ದ? ಒಬ್ಬರ ಮುಖ ಒಬ್ಬರು ನೋಡಿದರು. ಕೇಳುವ ಧೈರ್ಯ ಯಾರಿಗೂ ಇಲ್ಲ. ಕೇಳಿದರೆ ತನಗೆ ಸಿಕ್ಕಿದ್ದು ಹೇಳಬೇಕಾಗುತ್ತದೆ, ಹೇಳಿದರೆ ಮಾನ ಹೋಗುತ್ತದೆ.

ಆಗ ಹಿಂದೆ ನಿಂತಿದ್ದ ಕಲ್ಲಪ್ಪ ಮುಂದೆ ಬಂದ. ವೈನಿಯನ್ನು ಕರೆದೊಯ್ಯಲು ಬಂದವನು, ಆಕೆಯ ಪಕ್ಕದಲ್ಲೇ ನಿಂತ. ಮುಖ ಕೆಂಪಾಗಿತ್ತಂತೆ, ಕಣ್ಣಲ್ಲಿ ನೀರಿತ್ತಂತೆ. ಎರಡು ಬೆರಳು ಮೇಲೆತ್ತಿದ.

"ರಾಚಪ್ಪಾ, ನನಗ ನೀ ಎರಡು ಹಿಡದಿ. ಹತ್ತು ವರ್ಷ ಎರಡ ಹಿಡದಿ. ನಾ ಬಾಯಿ ಮುಚಗೊಂಡು ಗಿಡ ಕಡೀಲಿಕ್ಕೆ ಹೊಂಟಿದ್ದೆ."

ಅಷ್ಟು ಕೇಳಿದ್ದೇ ತಡ, ಪಕ್ಕದವನು ನನಗೂ ಎರಡು ಅಂದ. ಅವನ ಪಕ್ಕದವನೂ ಎರಡು ಅಂದ. ಒಬ್ಬ ಮುದುಕ ನನಗೆ ಒಂದೇ ಅಂದು ತಲೆ ತಗ್ಗಿಸಿ ಕೂತುಬಿಟ್ಟ. ಸಾಲಿನುದ್ದಕ್ಕೂ ಬೆರಳು ಎದ್ದವು. ಹೇಳಿದರೆ ಹೋಗುತ್ತದೆ ಅಂದುಕೊಂಡಿದ್ದ ಮಾನ, ಹೇಳದೆ ಇದ್ದದ್ದಕ್ಕೇ ಅಷ್ಟು ವರ್ಷ ಹೋಗಿತ್ತು ಅಂತ ಆ ಗಂಡಸರಿಗೆ ಆವತ್ತು ತಿಳಿಯಿತು. ಎದ್ದು ಹೋಗಿ ತಂತಮ್ಮ ಬುಟ್ಟಿಗಳನ್ನು ರಾಚಪ್ಪನ ಕಟ್ಟೆಯಿಂದ ಎತ್ತಿ ತಂದರು. ತಂದು ಸಂಕವ್ವನ ಆಚೆ ಈಚೆ ಇಟ್ಟುಕೊಂಡು ಕೂತು, ಎಲ್ಲರೂ ಕೈ ಎತ್ತಿದರು. ಐದು, ಐದು, ಐದು. ರಾಚಪ್ಪ ಇಳಿದು ಬಂದು ಶಲ್ಯ ಚಾಚಿದರೆ ಅದರೊಳಗೆ ಕೈ ಇಡುವವರೇ ಇರಲಿಲ್ಲ.

ಆ ದಿನ ಅವನ ನಾಲಿಗೆ ಬಿದ್ದುಹೋಯಿತು, ಸಾಯುವವರೆಗೆ ಮೂಗನಾಗಿದ್ದ ಅಂತಾರೆ. ಸುಳ್ಳು. ನಾಲಿಗೆ ಬಿದ್ದಿದ್ದರೆ ಸುಲಭವಾಗುತ್ತಿತ್ತು. ಅವನು ಮುಪ್ಪಾಗುವವರೆಗೆ ಬದುಕಿ, ಪ್ರತಿ ಸಂತೆಯಲ್ಲೂ ಎಲ್ಲರ ಹಾಗೆ ಗಂಟಲು ಹರಿದುಕೊಂಡು ಬೆಲೆ ಕೂಗಬೇಕಾಯಿತು. ನನ್ನನ್ನು ಕೇಳಿದರೆ ಅದೇ ಸರಿಯಾದ ಶಿಕ್ಷೆ.

ಗಿಡ ನಿಂತವು. ಕಲ್ಲಪ್ಪನೇ ಅವಕ್ಕೆ ನೀರು ಹೊತ್ತನಂತೆ. ಸಂಕವ್ವ ಹಲ್ಲಿಲ್ಲದ ಮುದುಕಿಯಾಗುವವರೆಗೆ ಪೇಟೆಗೆ ಹೋದಳು. ಆಕೆ ಸತ್ತಾಗ ಬಲಗೈ ಮಡಚಲು ಬರಲೇ ಇಲ್ಲ, ಹಾಗೇ ಮಣ್ಣು ಮಾಡಿದರು ಅಂತಲೂ ಹೇಳುತ್ತಾರೆ. ಇದು ನಿಜವೋ ಸುಳ್ಳೋ ನಾನು ಹೇಳುವುದಿಲ್ಲ, ನನಗೆ ಈ ಮಾತು ಇಷ್ಟ.

ಈಗಲೂ ಆ ಪೇಟೆಯಲ್ಲಿ ಪ್ಯಾರಲದ ಮೊದಲ ಸಂತೆಯ ದಿನ ಹೆಣ್ಣುಮಗಳೊಬ್ಬಳು ಕೈ ಎತ್ತಿ ಬೆಲೆ ಕೂಗುವವರೆಗೆ ಯಾರೂ ಬುಟ್ಟಿ ಬಿಚ್ಚುವುದಿಲ್ಲ. ಒಂದು ವರ್ಷ, ಗಂಡಸರು ಮುಂದೆ ಹೋದ ಮೇಲೆ ಹಳ್ಳ ಬಂದು ನಮ್ಮ ಹೆಂಗಸರಿಗೆ ಯಾರಿಗೂ ದಾಟಲಾಗಲಿಲ್ಲ. ಲಾರಿಯವರು ಎಷ್ಟು ಬೈದರೂ ಕೇಳದೆ, ನೀರು ಇಳಿದು ನಾವು ಹೋಗುವವರೆಗೆ ಗಂಡಸರು ಕಟ್ಟಿದ ಬುಟ್ಟಿಯ ಮುಂದೆ ಕೈಕಟ್ಟಿ ಕೂತಿದ್ದರು, ನಾನೇ ನೋಡಿದ್ದೇನೆ. ಊರಿಗೊಂದು ವರ್ಷ, ಮನೆಗೊಂದು ವರ್ಷ ಅಂತ ಸರದಿ ಬರುತ್ತದೆ. ಈ ವರ್ಷ ನಮ್ಮ ಮನೆಯದು. ಸೊಸೆ ಹೋಗಲಿ, ನಿನಗೆ ಭುಜ ನೋವು ಅಂತ ಮಗ ಅಂದ. ಸೊಸೆಗೆ ಮುಂದೆ ಬೇಕಾದಷ್ಟು ವರ್ಷ ಇದೆ. ನಾನೇ ಹೋಗುತ್ತೇನೆ. ಕೈ ಹೋದಷ್ಟು ಮೇಲೆ ಹೋಗಲಿ, ಬೆಲೆಯನ್ನು ಮಾತ್ರ ಒಂದು ಕಾಸೂ ಕೆಳಗೆ ಇಳಿಸುವುದಿಲ್ಲ.