ಅಧ್ಯಕ್ಷರು ತಗೊಂಡ ಪೀರಿಯಡ್

ಬೇಡ ಅನ್ನೋಕೆ ಎದ್ದು ನಿಂತು, ಒಪ್ಪಿಗೆ ಕೊಟ್ಟು ಕೂತವರು ಯಾರು? ನಿಮಗೆ ಹೊಳೆಯಲ್ಲ ಬಿಡಿ.

ನಮ್ಮ ಸ್ಕೂಲಲ್ಲಿ ಮೇಷ್ಟ್ರುಗಳ ಹೊಸ ಕರಾರಿಗೆ ಊರವರ ಮುಂದೆ ಸಭೆ ನಡೀತಿತ್ತು. ಪಾಠ ಮಾಡಿ ಮಾಡಿ ಸರ್ವಮಂಗಳಾ ಮೇಡಂಗೆ ಗಂಟಲು ಕೆಟ್ಟು, ಆಪರೇಷನ್ ಆಗಬೇಕಿತ್ತು. ಅದಕ್ಕೇ ಮೇಷ್ಟ್ರುಗಳೆಲ್ಲ ಆರೋಗ್ಯ ವಿಮೆ, ಪಿಂಚಣಿ ಕೇಳಿದ್ದರು.

"ನೆರಳಲ್ಲಿ ನಿಂತು ಮಾತಾಡೋರಿಗೆ ಯಾವ ಕಾಯಿಲೆ ರೀ?" ಅಂದರು ಸ್ಕೂಲ್ ಕಮಿಟಿ ಅಧ್ಯಕ್ಷ ರುದ್ರೇಶಪ್ಪ, ಮೈಕ್ ಹಿಡಿದು.

ಜವಾನ ಚೌಡಣ್ಣ ಕೈ ಮುಗಿದ. "ನಿಜ ಬುದ್ಧೀ. ತಾವೇ ಒಂದು ಪೀರಿಯಡ್ ತಗೊಂಡು ತೋರಿಸಿಬಿಡಿ."

ಅಧ್ಯಕ್ಷರು ಉಬ್ಬಿಹೋದರು. ಚೌಡಣ್ಣ ಅವರನ್ನು ಎಂಟನೇ ಬಿ ಸೆಕ್ಷನ್‌ಗೆ ಬಿಟ್ಟ. ನಾವು ಎಪ್ಪತ್ತು ಜನ. ಮೈಕ್ ಇಲ್ಲ. "ಕೇಳಿಸ್ತಿಲ್ಲ ಸಾರ್!" ಅಂತ ನಾನೊಬ್ಬನೇ ನಲವತ್ತು ಸಲ ಕೂಗಿದೆ.

ವಾಪಸ್ ಬಂದಾಗ ಅವರ ಗಂಟಲಿಂದ ಬರೀ ಗಾಳಿ ಬರ್ತಿತ್ತು. ನಮ್ಮ ಸಭೇಲಿ ಠರಾವು ಕೂಗೋದು ಜವಾನನೇ. "ವಿಮೆ, ಪಿಂಚಣಿ ಬೇಡ ಅನ್ನೋರು ಬಾಯಿಬಿಟ್ಟು ಹೇಳಿ!" ಅಂದ ಚೌಡಣ್ಣ. ಅಧ್ಯಕ್ಷರು ಎದ್ದರು, ಬಾಯಿ ತೆರೆದರು, ಹಾಗೇ ಕೂತರು. ಠರಾವು ಪಾಸು!

ನಿಜ ಹೇಳ್ಲಾ? ಈ ಕೊನೆ ನಾನೇ ಕಟ್ಟಿದ್ದು. ಅಸಲಿಗೆ ಅಧ್ಯಕ್ಷರು ಸನ್ನೆ ಮಾಡಿ ಮೇಡಂ ಫ್ಲಾಸ್ಕಿನ ಬಿಸಿನೀರು ಇಸ್ಕೊಂಡು ಕುಡಿದರು, ವಿಮೆ, ಪಿಂಚಣಿ ಇರೋ ಕರಾರಿಗೆ ಸಹಿ ಹಾಕಿದರು. ನಡೀದೇ ಇರೋ ಒಗಟು ನಿಮಗೆಲ್ಲಿ ಹೊಳೀಬೇಕು!