ಬುಡ ಭಾರದ ಕೋಲು

"ಕೇಳಿರಪ್ಪೋ! ಅರಮನೆಯಲ್ಲಿ ಎರಡು ಸ್ನೂಕರ್ ಕೋಲುಗಳಿವೆ. ಒಂದು ಯಂತ್ರದ್ದು, ಇನ್ನೊಂದು ಕೈಯದ್ದು. ಅವುಗಳ ಮೇಲೆ ಮಹಾರಾಜರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನು ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ನಾಳೆ ಬೆಳಿಗ್ಗೆ ಆನೆಯ ಕಾಲಡಿ ತಲೆ!"

ಸೋಗಿಪುರದಲ್ಲಿ ಹೀಗೆ ಡಂಗುರ ಸಾರಿದರು. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಗುಳಿಗೆ ಬೀಳಿಸುವ ಆಟವೆಂದರೆ ರಾಜ ಉದಯಾದಿತ್ಯನಿಗೆ ಹುಚ್ಚು. ಅವನ ಕೋಲು ಮಾಡಿದ ಕಾಳಾಚಾರಿ ಈಗ ಸೆರೆಯಲ್ಲಿದ್ದ. ಕಡಲಾಚೆಯಿಂದ ಬಂದ ಯಂತ್ರದ ಕೋಲಿನ ಪಕ್ಕ ಇಟ್ಟರೆ ಅವನದ್ದು ಅಂದಗೇಡಿ, ಬುಡ ಬೇರೆ ಭಾರ. ಮಂತ್ರಿಗಳು ಮೋಸ ಅಂದರು. ಆಚಾರಿ ತುಟಿ ಬಿಚ್ಚಲಿಲ್ಲ. ಒಗಟು ಯಾರೂ ಬಿಡಿಸದಿದ್ದರೆ ಅವನಿಗೂ ಅದೇ ಆನೆ.

ಅವನ ತಮ್ಮ ಮೌನೇಶ ಮಂಚದ ಕಾಲು ಕೆತ್ತಿಕೊಂಡಿದ್ದವನು. ಹಲ್ಲಿ ಬಿದ್ದರೂ ಎದ್ದು ಓಡುವ ಪುಕ್ಕಲ! ಅಂಥವನು ಅಣ್ಣನಿಗಾಗಿ ಅರಮನೆಗೆ ಹೋದ. ಒಗಟು ಬಿಡಿಸಲು ಬಂದವರ ಸಾಲಿನಲ್ಲಿ ನಿಂತ.

ರಾಜ ಶಾಲು ಹೊದ್ದು ಕೂತಿದ್ದ. "ಅವಳಿ ಮಕ್ಕಳು. ಒಬ್ಬನ ಮೈಗೆ ಸುತ್ತಲೂ ಬಳೆ, ಇನ್ನೊಬ್ಬನ ಮೈಗೆ ಉದ್ದಕ್ಕೂ ದಾರಿ. ಯಂತ್ರ ಹೆತ್ತದ್ದು ಯಾರನ್ನು?"

ಮುಂದಿದ್ದ ಮುತ್ತಿನ ವ್ಯಾಪಾರಿ, ದಾರಿಯವನನ್ನು ಅಂದ. ಭಟರು ಅವನನ್ನು ದರದರ ಎಳೆದೊಯ್ದರು. ಪಂಡಿತರೊಬ್ಬರು, ಹಾಗಾದರೆ ಬಳೆಯವನೇ ಅಂದು ಪಾರಾದರು. ಎರಡನೆಯ ಒಗಟು ಬಂತು: "ಕೋಲಿನ ಬುಡದಲ್ಲಿ ನಾಲ್ಕು ಕರಿ ಬೆಟ್ಟ. ಯಂತ್ರದವು ಚೂಪು, ಒಂದೇ ಎತ್ತರ. ಕೈಯವು ಮೊಂಡು, ಅದರಲ್ಲೊಂದು ಕುಳ್ಳು. ಕುಳ್ಳು ಯಾಕೆ?" ಆಚಾರಿ ಕುಡಿದು ಕೆತ್ತಿರಬೇಕು ಅಂದುಬಿಟ್ಟರು ಪಂಡಿತರು. ಅವರ ಕೂಗು ಓಣಿಯುದ್ದಕ್ಕೂ ಕೇಳಿಸಿತು.

ಅವನ ಸರದಿ. ಕಣ್ಣು ಮುಚ್ಚಿ ಕೋಲುಗಳ ಮೇಲೆ ಉಗುರಾಡಿಸಿದ. ಯಂತ್ರ ಮರವನ್ನು ಗರಗರ ತಿರುಗಿಸುತ್ತದೆ, ಅದಕ್ಕೇ ಬಳೆ. ಕೈಯ ಉಜ್ಜುಗೊರಡು ಉದ್ದಕ್ಕೆ ಓಡುತ್ತದೆ, ಅದಕ್ಕೇ ದಾರಿ ಎಂದ. ಇನ್ನು ಬೆಟ್ಟಗಳು: ಬಿಳಿ ಮರಕ್ಕೆ ಕರಿಮರದ ನಾಲ್ಕು ಪಟ್ಟಿ ಅಂಟಿಸಿ ಗುಂಡಗೆ ಉಜ್ಜುವಾಗ ತುದಿ ಮೊಂಡಾಗುತ್ತದೆ. ಮರ ಬಾಗಿದ ಕಡೆ ಒಂದೆಳೆ ಹೆಚ್ಚು ತೆಗೆದರೆ ಆ ಬೆಟ್ಟ ಕುಳ್ಳಾಗುತ್ತದೆ, ಕೋಲು ನೇರವಾಗುತ್ತದೆ.

ರಾಜನ ಮುಖ ಬಿಗಿಯಿತು. "ಯಂತ್ರದ ಕೋಲು ಹಗುರ. ನಿನ್ನಣ್ಣ ಬುಡದಲ್ಲಿ ಸೀಸ ತುಂಬಿದ್ದಾನೆ. ಆ ಸೀಸ ಯಾರಿಗಾಗಿ?"

ಮೌನೇಶನಿಗೆ ಅಣ್ಣನ ರೀತಿ ನೆನಪಾಯಿತು. ಹಿಡಿಯುವವರ ಕೈ ನೋಡದೆ ಅಣ್ಣ ಉಳಿ ಮುಟ್ಟುತ್ತಿರಲಿಲ್ಲ. ರಾಜರ ಕೈ ನೋಡಿ ಬಂದ ದಿನ ಮಾತ್ರ ಊಟ ಬಿಟ್ಟು ಸುಮ್ಮನೆ ಕೂತಿದ್ದ. ಮೌನೇಶ ಶಾಲಿನತ್ತ ನೋಡಿದ. ಅಂಚು ಸಣ್ಣಗೆ ಅಲುಗುತ್ತಿತ್ತು. ಅಯ್ಯೋ ದೇವರೇ, ಹೇಳಿದರೂ ಸಾವು, ಹೇಳದಿದ್ದರೂ ಸಾವು.

"ಪ್ರಭು, ಎಲ್ಲರನ್ನೂ ಹೊರಗೆ ಕಳಿಸಿ."

ಬಾಗಿಲು ಮುಚ್ಚಿತು. ಮೌನೇಶ ಎರಡೂ ಕೋಲು ಮುಂದೆ ಚಾಚಿದ. "ಒಂದೊಂದಾಗಿ ಹಿಡಿಯಿರಿ ಬುದ್ಧೀ."

ರಾಜ ಎದ್ದು ಮೇಜಿನ ಬಳಿ ಬಂದ. ಆಮೇಲೆ ಶಾಲಿನಿಂದ ಬಲಗೈ ತೆಗೆದ. ಯಂತ್ರದ ಕೋಲಿನ ತುದಿ ಥರಥರ ನಡುಗಿತು. ಕಾಳಾಚಾರಿಯದನ್ನು ಹಿಡಿದಾಗ, ಸೀಸದ ಭಾರಕ್ಕೆ, ತುದಿ ನಿಂತಿತು. ಹೊಡೆದ. ಚೆಂಡು ಗುಳಿಗೆ ಬಿತ್ತು.

"ನನ್ನ ಕೈ ನಡುಗುವ ಗುಟ್ಟು ಬಾಯಿಬಿಟ್ಟಿದ್ದರೆ ಅವನು ಸೆರೆಗೇ ಹೋಗುತ್ತಿರಲಿಲ್ಲವಲ್ಲೋ," ಎಂದ ರಾಜ. ಅವನ ಕಣ್ಣು ತುಂಬಿತ್ತು.

ಏನು ಬೇಕೆಂದು ಕೇಳಿದಾಗ, ಅಣ್ಣನನ್ನೂ ಆ ಇಬ್ಬರನ್ನೂ ಬಿಡಿ ಎಂದ ಮೌನೇಶ. ಮೂವರೂ ಬಂದರು. ದಾರಿಯಲ್ಲಿ ಕಾಳಾಚಾರಿ ತಮ್ಮನ ಕೈ ಹಿಡಿದುಕೊಂಡ. ಅದು ಇನ್ನೂ ಗಡಗಡ ನಡುಗುತ್ತಿತ್ತು. ತಿರುಗಿಸಿ ತಿರುಗಿಸಿ ನೋಡಿ ಹೇಳಿದ:

"ನಿನಗೂ ಒಂದು ಮಾಡಬೇಕು ಕಣೋ. ಸೀಸ ಜಾಸ್ತಿ ಹಿಡಿಯುತ್ತೆ."